ರೊಟ್ಟಿ ಸೀಯದಂತೆ ಓದಿದ ಕಾದಂಬರಿಗಳು

ರೊಟ್ಟಿ ಸೀಯುವ ವಾಸನೆ ಬಂದರೆ, ಯಾವುದೋ ಕಾದಂಬರಿಯಲ್ಲಿ ಯಾರೋ ಅಳುತ್ತಿರಬೇಕು ಎಂದೇ ನನಗೆ ಈಗಲೂ ಅನಿಸುತ್ತದೆ. ಅರವತ್ತರ ದಶಕದ ಮೊದಲ ವರ್ಷಗಳು. ಬಬಲೇಶ್ವರದ ನಮ್ಮ ಮನೆಯಲ್ಲಿ ಅವ್ವ ಬೆಳಗಾದರೆ ಹೊಲಕ್ಕೆ ಹೋಗುತ್ತಿದ್ದಳು; ಒಲೆ ನೀಲವ್ವತ್ತಿಯದು. ಅಪ್ಪನ ತಂಗಿ, ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ಜೈನಾಪುರದಿಂದ ತವರಿಗೆ ಮರಳಿದವಳು. ಅಕ್ಷರ ಬರುತ್ತಿರಲಿಲ್ಲ, ಕಥೆಯ ಹುಚ್ಚು ಮಾತ್ರ ವಿಪರೀತ. ಅಪ್ಪ ವಾರಕ್ಕೊಮ್ಮೆ ವಿಜಾಪುರಕ್ಕೆ ಹೋದಾಗ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಿಂದ ಒಂದು ಕಾದಂಬರಿ ಎರವಲು ತರುತ್ತಿದ್ದ. ಸಾಲೆಗೆ ಹೋಗುವ ಮುಂಚೆ ನಾನು ಒಲೆಯ ಮುಂದೆ ಕೂತು ಓದಬೇಕು, ಅತ್ತಿ ರೊಟ್ಟಿ ಬಡಿಯುತ್ತ ಕೇಳಬೇಕು. ಓದಿದ್ದಕ್ಕೆ ಬಿಸಿ ರೊಟ್ಟಿ, ಬೆಣ್ಣೆ, ನಂಚಿಕೊಳ್ಳಲು ಖಾರದ ಶೇಂಗಾ ಹಿಂಡಿ. ನಿಮ್ಮ ಮನೆಯಲ್ಲೂ ಅಂಥದೊಂದು ಒಲೆ ಇದ್ದಿರಬಹುದು.

ನಮ್ಮದು ದೊಡ್ಡ ವಿಮರ್ಶೆಯೇನಲ್ಲ. ನಾಯಕ ಹತ್ತು ಪುಟ ಬೆಳದಿಂಗಳು ನೋಡುತ್ತ ಅಡ್ಡಾಡಿದರೆ, ಇವನಿಗೆ ಹೊಲ ಮನೆ ಇಲ್ಲವೇನು ಎಂದು ಅತ್ತಿ ಕೇಳುತ್ತಿದ್ದಳು. ದೊಡ್ಡ ಕೂಡು ಕುಟುಂಬದ ಕಾದಂಬರಿಯೊಂದರಲ್ಲಿ ಕೊನೆಯವರೆಗೂ ಯಾರೊಬ್ಬರೂ ಹಿಟ್ಟು ನಾದಲಿಲ್ಲವೆಂದು ಅವಳಿಗೆ ಸಿಟ್ಟೇ ಬಂದಿತ್ತು. ನನಗೆ ಮಾತುಕತೆ ಹೆಚ್ಚಿರುವ ಪುಸ್ತಕಗಳೇ ಸೇರುತ್ತಿದ್ದವು, ಬೇಗ ಮುಗಿಯುತ್ತಿದ್ದವಲ್ಲ. ಆದರೆ ದುಃಖದ ಪುಟ ಬಂದರೆ ಅತ್ತಿಯ ಕೈ ನಿಂತೇಬಿಡುತ್ತಿತ್ತು. ಸೆರಗು ಕಣ್ಣಿಗೆ ಹೋಗುವುದು, ಹಂಚಿನ ಮೇಲಿನ ರೊಟ್ಟಿ ಕರಿಯಾಗುವುದು. ಸೀದದ್ದು ಓದಿದವಳ ಪಾಲಿಗೆ. ಹೀಗಾಗಿ ನಾನು ಕಳ್ಳ ಓದು ಕಲಿತೆ. ಸಾಯುವವರನ್ನು ಸಾಯಗೊಡಲಿಲ್ಲ, ಜಗಳವಾಡಿ ದೂರವಾದವರನ್ನು ಮುಂದಿನ ಪುಟದಲ್ಲೇ ಒಂದುಮಾಡಿದೆ. ಹೊಟ್ಟೆ ತುಂಬ ಒಳ್ಳೆಯ ರೊಟ್ಟಿ ತಿಂದೆ.

ಒಂದು ಸಲ ಬಂದದ್ದು ಗಂಡ ಸತ್ತ ಹೆಣ್ಣುಮಗಳ ಕಥೆ. ಅವಳು ತವರು ಬಿಟ್ಟು ಪಟ್ಟಣಕ್ಕೆ ಹೋಗಿ ಹೊಲಿಗೆ ಕಲಿಯುತ್ತಾಳೆ. ಕೊನೆಗೆ ಕ್ಷಯ ಹತ್ತಿ ಯಾರೂ ಇಲ್ಲದ ಕೋಣೆಯಲ್ಲಿ ಸಾಯುತ್ತಾಳೆ. ಆ ಪುಟ ಓದುವ ದಿನ ನನಗೆ ಬಲು ಹಸಿವು. ಅವಳು ಸ್ವಂತ ಮಷಿನ್ನು ಕೊಂಡಳು, ಊರ ಹುಡುಗಿಯರಿಗೆ ಹೊಲಿಗೆ ಕಲಿಸಿದಳು ಎಂದು ಕಣ್ಣು ಮಿಟುಕಿಸದೆ ಓದಿದೆ. ಒಂದು ರೊಟ್ಟಿಯೂ ಸೀಯಲಿಲ್ಲ. ಅತ್ತಿ ಕೊನೆಯ ಪುಟವನ್ನು ಇನ್ನೊಮ್ಮೆ ಓದಿಸಿದಳು. ಎಂಟು ದಿನಕ್ಕೆ ಅಪ್ಪನೆದುರು ನಿಂತು, "ಅಣ್ಣಾ, ನಾ ವಿಜಾಪುರಕ್ಕ ಹೋಗಿ ಹೊಲಗಿ ಕಲೀತೇನಿ," ಅಂದಳು.

ಅಪ್ಪ ಒಪ್ಪಿದ. ಕಥೆಯ ನಿಜವಾದ ಕೊನೆ ಹೇಳಿದರೆ ಅವಳು ಒಲೆಯ ಮುಂದೇ ಉಳಿಯುತ್ತಾಳೆ, ಹೇಳದಿದ್ದರೆ ಕಥೆಯವಳಂತೆ ಆ ಕೋಣೆಯಲ್ಲಿ ಸಾಯುತ್ತಾಳೆ. ಆ ವಯಸ್ಸಿಗೆ ಇವೆರಡೇ ನನಗೆ ಕಂಡದ್ದು. ಕೊನೆಗೂ ನಾನು ಹೇಳಲಿಲ್ಲ. ಅತ್ತಿ ಗಂಟು ಹಿಡಿದು ಬಸ್ಸು ಹತ್ತಿದಳು. ಹಬ್ಬಕ್ಕೆ ಬಂದಾಗ ದಾರಿಯ ಧೂಳಿಗೆ ಒಮ್ಮೆ ಕೆಮ್ಮಿದರೂ ನನಗೆ ಊಟ ಸೇರುತ್ತಿರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಅವಳು ತಿಕೋಟಾದಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಸೂಟಿಯಲ್ಲಿ ಹೋದಾಗ ಮಷಿನ್ನಿನ ಪಕ್ಕದ ಗೂಡಿನಲ್ಲಿ ಅದೇ ಕಾದಂಬರಿ ಕಂಡಿತು. ಅಷ್ಟರಲ್ಲಿ ಅವಳು ಅಕ್ಷರವನ್ನೂ ಕಲಿತಿದ್ದಳು. ನಾನು ಪುಸ್ತಕ ನೋಡುವುದನ್ನು ಅವಳು ನೋಡಿದಳು. ದಾರ ಹಲ್ಲಿನಿಂದ ಕಡಿದು ನಕ್ಕಳು.

"ಕಡೀ ಪುಟ ಓದೀನಿ ಬೇ. ನೀ ಓದಿದ್ದ ಛಲೋ ಇತ್ತು. ಪಾಪ, ಇದನ್ನ ಬರದಾಂವಗ ಹಸಿವಿ ಆಗಿದ್ದಿಲ್ಲ ಕಾಣ್ತದ."

ಎಷ್ಟೋ ವರ್ಷ ಎದೆಯ ಮೇಲೆ ಕೂತಿದ್ದ ಭಾರ ಆವತ್ತು ಇಳಿಯಿತು. ನಗುತ್ತ ನಗುತ್ತ ಅತ್ತುಬಿಟ್ಟೆ. ಅತ್ತಿ ಮುಪ್ಪಾಗಿ, ಎಷ್ಟೋ ಹುಡುಗಿಯರಿಗೆ ಕತ್ತರಿ ಹಿಡಿಯಲು ಕಲಿಸಿ, ನೆಮ್ಮದಿಯಿಂದ ಹೋದಳು. ಆ ಮನೆಯೂ ಈಗಿಲ್ಲ. ನಾನೀಗ ಕಾದಂಬರಿಗಳನ್ನು ಬರೆದವರು ಬರೆದಂತೆಯೇ ಓದುತ್ತೇನೆ. ದುಃಖದ ಪುಟ ಬಂದಾಗ ಮಾತ್ರ ಕಿವಿ ಒಲೆಯ ಕಡೆ ಹೋಗುತ್ತದೆ. ರೊಟ್ಟಿ ಬಡಿಯುವ ಸಪ್ಪಳ ನಿಂತು ಬಹಳ ವರ್ಷವಾಯಿತು.