ಅತ್ತೆಯ ಹೊಟ್ಟೆ, ಮೀನಿನ ಉಪವಾಸ

ಸೋಮವಾರ ಬೆಳಿಗ್ಗೆ ಕೋಣೆಯಿಂದ ಹಾಲಿಗೆ ಬಂದು ನೋಡಿದರೆ ನಮ್ಮ ಗೋಲ್ಡ್‌ಫಿಶ್ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಸತ್ತೇಹೋಗಿದೆ ಎಂದುಕೊಂಡು ತೊಟ್ಟಿಯ ಗಾಜಿನ ಮೇಲೆ ಬೆರಳಿನಿಂದ ತಟ್ಟಿದೆ. ಒಂದು ಕಣ್ಣು ನನ್ನ ಕಡೆ ಹೊರಳಿತು. ಮದುವೆ ಊಟ ಮುಗಿಸಿ ಛತ್ರದ ಜಮಖಾನದ ಮೇಲೆ ಉರುಳಿಕೊಂಡ ಬೀಗರನ್ನು ಮಾತಾಡಿಸಿದರೆ ನೋಡುತ್ತಾರಲ್ಲ, ಹಾಗೆ.

"ರೀ, ಬೇಗ ಬನ್ನಿ. ಮೀನು ತಲೆಕೆಳಗಾಗ್ಬಿಟ್ಟಿದೆ."

ನನ್ನ ಗಂಡ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದರು. ನೋಡಿದರು. ಮುಖದಲ್ಲಿ ಒಂಥರಾ ಸಮಾಧಾನ. "ಬಿಡು, ಒಳ್ಳೇದೇ ಆಯ್ತು. ನಮಗೆ ಬರಬೇಕಾಗಿದ್ದನ್ನ ಅದು ತಗೊಂಡಿದೆ."

ಈ ಮಾತಿಗೆ ಹಿನ್ನೆಲೆ ಇದೆ. ಎರಡು ವರ್ಷದ ಕೆಳಗೆ ಒಬ್ಬ ವಾಸ್ತು ಪಂಡಿತರು ತ್ಯಾಗರಾಜನಗರದ ನಮ್ಮ ಮನೆಗೆ ಬಂದು, ಮೆಟ್ಟಿಲು ಇರಬಾರದ ಮೂಲೆಯಲ್ಲಿದೆ ಎಂದು ಕಂಡುಹಿಡಿದರು. ಮೆಟ್ಟಿಲು ಒಡೆಯುವ ಬದಲು ಈಶಾನ್ಯಕ್ಕೆ ಮೀನಿನ ತೊಟ್ಟಿ ಇಟ್ಟರೆ ಸಾಕಂತೆ. ಮನೆಯ ದೋಷವನ್ನೆಲ್ಲ ಮೀನು ಮೈಮೇಲೆ ಎಳೆದುಕೊಳ್ಳುತ್ತದೆ. ಅದು ಸತ್ತರೆ ಒಂದು ಗಂಡಾಂತರ ಕಳೆಯಿತೆಂದು ತಿಳಿದು ಇನ್ನೊಂದನ್ನು ತಂದು ಬಿಡಬೇಕು. ನನ್ನ ಗಂಡ ಸೇತುವೆ ಕಟ್ಟುವ ಇಂಜಿನಿಯರು. ಇದನ್ನು ಕೇಳಿ ತಲೆಯಾಡಿಸಿ, ಅದೇ ವಾರ ತೊಟ್ಟಿ ತಂದರು. ಆ ಸೇತುವೆಗಳ ಮೇಲೆ ಹೋಗುವಾಗ ನನಗೆ ಈಗಲೂ ಸ್ವಲ್ಪ ಭಯವೇ.

"ದೋಷ ಎಳ್ಕೊಳ್ಳೋಕೆ ಈ ಮನೇಲಿ ನಾನೊಬ್ಬಳಿದ್ದೀನಿ, ಸಾಕು," ಎಂದು ಹೇಳಿ ಮೀನಿನ ವೀಡಿಯೋ ಮಾಡಿಕೊಂಡೆ. ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಮೀನಿನ ಒಡಲಿನ ಚಿತ್ರವನ್ನು ಬೋರ್ಡಿನ ಮೇಲೆ ನೂರಾರು ಸಲ ಬರೆದಿದ್ದೇನೆ. ನಿಜವಾದ ಮೀನು ಎದುರಿಗೆ ಮಗುಚಿಕೊಂಡಾಗ ಏನು ಮಾಡಬೇಕೆಂದು ತೋಚಲಿಲ್ಲ.

ಮೊದಲು ರಜೆ ಬೇಕಿತ್ತು. ಹೆಡ್‌ಮಿಸ್ಟ್ರೆಸ್‌ಗೆ ಫೋನ್ ಮಾಡಿ, "ಮೇಡಂ, ಮನೇಲಿ ಹುಷಾರಿಲ್ಲ," ಎಂದೆ.

"ಅಯ್ಯೋ, ಏನಾಯ್ತು?"

"ಹೊಟ್ಟೆ ಉಬ್ಬರ. ಎದ್ದೇಳೋಕೇ ಆಗ್ತಿಲ್ಲ."

"ಪಾಪ, ಅತ್ತೆಯವರಿಗಾ?"

ಮೀನಿಗೆ ಎನ್ನಲು ನಾಲಿಗೆ ಏಳಲಿಲ್ಲ. "ಹ್ಞೂಂ" ಎಂದುಬಿಟ್ಟೆ. ಆ ಹೊತ್ತಿನಲ್ಲಿ ನನ್ನ ಅತ್ತೆ, ಎಪ್ಪತ್ತೆಂಟು ವರ್ಷದವರು, ಅಡುಗೆಮನೆಯಲ್ಲಿ ಮೂರನೇ ಅಕ್ಕಿರೊಟ್ಟಿಗೆ ತುಪ್ಪ ಸವರಿಕೊಳ್ಳುತ್ತಿದ್ದರು.

ಗಾಂಧಿಬಜಾರಿನ ಹಿಂದಿನ ಬೀದಿಯಲ್ಲಿ ಒಂದು ಮೀನಿನ ಅಂಗಡಿ ಇದೆ. ತಿನ್ನುವ ಮೀನಿನದಲ್ಲ, ಸಾಕುವ ಮೀನಿನದು. ಅಂಗಡಿಯವರು ವೀಡಿಯೋವನ್ನು ಎರಡು ಸಲ ನೋಡಿ, ತುಂಬ ಗಂಭೀರವಾಗಿ, "ಮೋಷನ್ ಹೆಂಗಿದೆ ಮೇಡಂ?" ಎಂದರು.

"ಯಾರದ್ದು?"

"ಮೀನಿಂದು ಮೇಡಂ."

ನಮ್ಮ ಮನೆಯಲ್ಲಿ ಎಲ್ಲರ ಮೋಷನ್ನಿನ ವರದಿಯೂ ತಿಂಡಿಯ ಹೊತ್ತಿಗೆ ಬಂದುಬಿಡುತ್ತದೆ. ಮೀನಿನದನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ. ಗೊತ್ತಿಲ್ಲ ಎಂದೆ.

"ಹೊಟ್ಟೆ ಕಟ್ಕೊಂಡಿದೆ. ಅದು ಗಾಳಿಚೀಲನ ಒತ್ತುತ್ತೆ, ಬ್ಯಾಲೆನ್ಸ್ ಹೋಗುತ್ತೆ. ಮೂರು ದಿನ ಏನೂ ಹಾಕ್ಬೇಡಿ. ನಾಲ್ಕನೇ ದಿನ ಒಂದು ಹಸಿ ಬಟಾಣಿ ಬೇಯ್ಸಿ, ಸಿಪ್ಪೆ ತೆಗ್ದು, ನುಚ್ಚು ಮಾಡಿ ಕೊಡಿ. ಒಂದೇ ಒಂದು. ಅದಿರ್ಲಿ, ಏನು ತಿನ್ನಿಸ್ತೀರ?"

"ನೀವು ಕೊಟ್ಟ ಕಾಳೇ. ದಿನಕ್ಕೆರಡು ಸಲ."

"ಇಲ್ಲ ಬಿಡಿ. ಮನೇಲಿ ಯಾರೋ ಕೈಯಾಡಿಸ್ತಿದ್ದಾರೆ."

ಮನೆಗೆ ಬಂದು ಉಪವಾಸ ಘೋಷಿಸಿದೆ. ಈ ಮೀನನ್ನು ಎರಡು ವರ್ಷದಿಂದ "ಹಾಳು ಮೀನು" ಎಂದಲ್ಲದೆ ಬೇರೆ ಏನೆಂದೂ ಕರೆಯದ ಅತ್ತೆ, ವಾರಕ್ಕೆರಡು ಸಲ ತಾವೇ ಉಪವಾಸ ಮಾಡುವ ಅತ್ತೆ, "ಮೂರು ದಿನಾನಾ? ಬಾಯಿಲ್ಲದ ಜೀವ ಕಣೇ!" ಎಂದು ಕೂಗಿದರು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಗೊತ್ತಾಗಿದ್ದು ಮಂಗಳವಾರ ಸಂಜೆ. ಸ್ಕೂಲಿನಿಂದ ಬಂದು ಬಾಗಿಲು ತೆಗೆದರೆ ಅತ್ತೆ ತೊಟ್ಟಿಯ ಮುಚ್ಚಳ ಎತ್ತಿ ನಿಂತಿದ್ದಾರೆ, ಕೈಯಲ್ಲಿ ಕೋಡುಬಳೆ ಚೂರು.

"ಅತ್ತೆ!"

ಬೆಚ್ಚಿಬಿದ್ದು ಚೂರನ್ನು ತಮ್ಮ ಬಾಯಿಗೇ ಹಾಕಿಕೊಂಡರು. ಅಗಿದು ಮುಗಿಸುವವರೆಗೆ ಕಾದೆ.

"ಎಷ್ಟು ದಿನದಿಂದ?"

"ದೀಪಾವಳಿಯಿಂದ," ಎಂದರು ಗೋಡೆ ನೋಡುತ್ತ. ಆಮೇಲೆ ಅವರಿಗೇ ಸಿಟ್ಟು ಬಂತು. "ನಾನೇನು ಮಾಡ್ಲಿ? ನೀವಿಬ್ರೂ ಹೊರಗೆ ಹೋದ್ರೆ ಸಂಜೇಗೇ ಬರೋದು. ಬಂದ್ಮೇಲೂ ಫೋನು. ನಾನು ಹಾಲಿಗೆ ಬಂದ್ರೆ ಓಡ್ಬರೋದು ಅದೊಂದೇ. ಗಾಜಿಗೆ ಮೂತಿ ಒತ್ಕೊಂಡು ಬಾಯಿ ಬಾಯಿ ಬಿಡುತ್ತೆ. ಬರೀಗೈಲಿ ಹೆಂಗೆ ಹೋಗೋದು?"

ನಾಲ್ಕು ಮಾತು ಬೈಯಬೇಕೆಂದು ಸಿದ್ಧಳಾಗಿದ್ದೆ. ಬ್ಯಾಗು ಕೆಳಗಿಟ್ಟು ತೊಟ್ಟಿಯ ಮುಚ್ಚಳ ಹಾಕಿದೆ. ಕೋಡುಬಳೆ, ಅವಲಕ್ಕಿ, ಒಮ್ಮೆ ಒಬ್ಬಟ್ಟಿನ ಹೂರಣ ಎಂದು ಅವರೇ ಒಂದೊಂದಾಗಿ ಒಪ್ಪಿಕೊಂಡರು. ಹೂರಣ ಇಷ್ಟವಾಯಿತಂತೆ. ಕೊನೆಗೆ ಸಣ್ಣ ದನಿಯಲ್ಲಿ, "ನನ್ನಿಂದ ಸಾಯುತ್ತೇನೇ?" ಎಂದು ಕೇಳಿದರು. ಸಾಯಲ್ಲ ಅತ್ತೆ ಎಂದೆ. ನನಗೆ ಖಾತ್ರಿ ಇರಲಿಲ್ಲ.

ಗುರುವಾರ ಸಂಜೆ ಬಟಾಣಿ ಬೆಂದಿತು. ಅವರೆಕಾಳು ಹಿಚುಕುವುದರಲ್ಲಿ ಅತ್ತೆಯನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ಸಿಪ್ಪೆ ತೆಗೆಯುವ ಕೆಲಸವನ್ನು ತಾವೇ ವಹಿಸಿಕೊಂಡು ತಟ್ಟೆಯಲ್ಲಿ ಆ ಒಂದೇ ಬಟಾಣಿ ಇಟ್ಟುಕೊಂಡು ಹಾಲಿನಲ್ಲಿ ಕುಳಿತಿದ್ದರು. ಆಗ ಬೆಲ್ ಆಯಿತು. ನಮ್ಮ ಹೆಡ್‌ಮಿಸ್ಟ್ರೆಸ್, ಕೈಯಲ್ಲಿ ಒಂದು ಚೀಲ ಮೂಸಂಬಿ.

"ಹೇಗಿದೀರಮ್ಮ? ಹೊಟ್ಟೆ ಉಬ್ಬರ ಇಳೀತಾ?" ಎಂದು ನೇರ ಅತ್ತೆಯ ಪಕ್ಕ ಕುಳಿತರು. "ಸೋಮವಾರ ಇವರು ರಜೆ ಕೇಳಿದಾಗಿಂದ ನಿಮ್ಮದೇ ಯೋಚನೆ."

ಅತ್ತೆ ನನ್ನನ್ನು ನೋಡಿದರು. ತೊಟ್ಟಿಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ನಾನು ನೆಲದ ಮೊಸಾಯಿಕ್ ಎಣಿಸುತ್ತಿದ್ದೆ.

"ಈಗ ಪರವಾಗಿಲ್ಲಮ್ಮ," ಎಂದರು ಅತ್ತೆ, ದನಿಯಲ್ಲಿ ಎಲ್ಲಿಲ್ಲದ ಸುಸ್ತು ತಂದುಕೊಂಡು. "ಸೊಸೆ ಮೂರು ದಿನ ಉಪವಾಸ ಹಾಕಿದ್ಲು. ಒಂದಗುಳು ಕೊಡ್ಲಿಲ್ಲ."

"ಮೂರು ದಿನಾನಾ!"

"ಇವತ್ತು ಇದು ಕೊಟ್ಟಿದ್ದಾಳೆ," ಎಂದು ತಟ್ಟೆ ಮುಂದೆ ಹಿಡಿದರು. "ಒಂದೇ ಒಂದು ಬಟಾಣಿ. ಅದೂ ಬೇಯ್ಸಿ ಕೊಡ್ತಾಳೆ ಪಾಪ, ಒಳ್ಳೆಯವಳು."

ಹೆಡ್‌ಮಿಸ್ಟ್ರೆಸ್ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಕಾಫಿಯನ್ನೂ ಮುಟ್ಟದೆ ಎದ್ದರು. ಹೋಗುವಾಗ ಅತ್ತೆಯ ಕೈ ಹಿಡಿದು, "ಏನಾದ್ರೂ ಬೇಕಾದ್ರೆ ನನಗೆ ಫೋನ್ ಮಾಡಿ," ಎಂದು ಮೆಲ್ಲಗೆ ಹೇಳಿದರು.

ಗೇಟು ಹಾಕಿದ ಸದ್ದು ಕೇಳಿದ ಮೇಲೆ ಅತ್ತೆ ಬಾಯಿ ಬಿಟ್ಟರು. "ನನ್ನ ಹೊಟ್ಟೇನ ಸ್ಕೂಲಿಗೆಲ್ಲ ಸಾರಿಬಂದಿದ್ದೀಯಲ್ಲೇ!" ಎಂದವರು ಬೈಗುಳದ ನಡುವೆಯೇ ನಗತೊಡಗಿದರು. ನನಗೂ ತಡೆಯಲಾಗಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ನಾವಿಬ್ಬರೂ ಹೀಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದು ನನಗೆ ನೆನಪಿಲ್ಲ.

ನಗು ನಿಂತ ಮೇಲೆ ಬಟಾಣಿಯನ್ನು ನುಚ್ಚು ಮಾಡಿ ನೀರಿಗೆ ಬಿಟ್ಟೆವು. ತಲೆಕೆಳಗಾಗಿದ್ದ ಮೀನಿನ ಬಾಯಿಗೆ ಚೂರುಗಳು ಸಿಗುತ್ತಿರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ, ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿ, ಚೂರನ್ನು ಅದರ ಮೂತಿಗೇ ಹಿಡಿದರು. ಮೀನು ಮುಟ್ಟಿದ ಕೈಯಲ್ಲಿ ದೇವರಮನೆಗೆ ಹೇಗೆ ಹೋಗುತ್ತೀರಿ ಎಂದು ಕೆಣಕಿದೆ. "ದೇವರೇ ಒಂದ್ಸಲ ಮೀನಾಗಿದ್ದ, ಸುಮ್ನಿರು," ಎಂದರು.

ಶುಕ್ರವಾರ ಬೆಳಿಗ್ಗೆ ಹಾಲಿನಿಂದ ಅತ್ತೆಯ ಕೂಗು. "ಬನ್ನಿ, ಬನ್ನಿ, ಆಯ್ತು, ಆಯ್ತು!" ಓಡಿ ಹೋದೆವು. ಮೀನಿನ ಹಿಂದೆ ಉದ್ದಕ್ಕೆ ಹಸಿರು ದಾರ ನೇತಾಡುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಮೀನು ಒಂದು ಪಕ್ಕಕ್ಕೆ ತಿರುಗಿತು, ಶನಿವಾರ ಪೂರ್ತಿ ನೆಟ್ಟಗಾಯಿತು.

"ಹಾಗಾದ್ರೆ ಆ ದೋಷ ಎಲ್ಲಿ ಹೋಯ್ತು?" ಎಂದರು ನನ್ನ ಗಂಡ, ನಿಜವಾಗಿಯೂ ಚಿಂತೆಯಿಂದ.

"ಅಗೋ, ತಳದಲ್ಲಿ ಬಿದ್ದಿದೆ ನೋಡು, ಹಸಿರಗೆ," ಎಂದರು ಅವರ ತಾಯಿ. "ತೊಳಿ ಹೋಗು."

ತೊಳೆದರು.

ಕಾಳಿನ ಡಬ್ಬಿ ಈಗ ಅಧಿಕೃತವಾಗಿ ಅತ್ತೆಯ ಕೈಯಲ್ಲಿದೆ. ಕೆಲವು ಸಂಜೆ ನಾನು ಉತ್ತರಪತ್ರಿಕೆಗಳನ್ನು ತಂದು ತೊಟ್ಟಿಯ ಹತ್ತಿರವೇ ತಿದ್ದುತ್ತ ಕೂರುತ್ತೇನೆ. ಅತ್ತೆ ಮಾತಾಡುತ್ತಿರುತ್ತಾರೆ, ಹೆಚ್ಚಿನದು ಮೀನಿನ ಜೊತೆ, ಉಳಿದದ್ದು ನನ್ನ ಜೊತೆ. ಮೊನ್ನೆ ಮಾತಿನ ನಡುವೆ ನನ್ನ ಭುಜ ತಳ್ಳಿ, "ಸ್ವಲ್ಪ ಆ ಕಡೆ ಸರಿಯೇ, ಅದಕ್ಕೆ ನಾನು ಕಾಣ್ತಾ ಇಲ್ಲ," ಎಂದರು. ಸರಿದು ಕೂತೆ.