ಗೋಡೆಯಾಚೆಯ ತೋಡಿ

ವಸುಧಾ ಅವರೇ, ನಿಮ್ಮ ಮೇಲೆ ಆ ಕೆಟ್ಟ ಮಾತು ಹುಟ್ಟಿಸಿದವನು ನಾನು. ಹಾರೋಹಳ್ಳಿಯ ವಠಾರದಲ್ಲಿ ನಿಮ್ಮ ಪಕ್ಕದ ಕೋಣೆಯಲ್ಲಿದ್ದ ಶಿವಲಿಂಗ. ಮೃದಂಗದವರು ನಿಮ್ಮ ಮನೆಗೆ ಬರುವುದು ಅಭ್ಯಾಸಕ್ಕಲ್ಲ ಎಂದು ಮಾಲೀಕರ ಕಿವಿಗೆ ಹಾಕಿದವನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಆಗ ಅಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಉಯ್ಯಂಬಳ್ಳಿ ಕಡೆಯಿಂದ ಬಂದ ನಾನು ರಾತ್ರಿ ಪಾಳಿಯಲ್ಲಿ ತಗಡು ಒತ್ತುವ ಮಷಿನ್ ನಡೆಸುತ್ತಿದ್ದೆ. ಬೆಳಿಗ್ಗೆ ಬಂದು ಬಿದ್ದುಕೊಂಡರೆ ಗೋಡೆಯಾಚೆ ನಿಮ್ಮ ಶ್ರುತಿಪೆಟ್ಟಿಗೆ ಶುರುವಾಗುತ್ತಿತ್ತು. ಆಮೇಲೆ ನಿಮ್ಮ ದನಿ. ಮಾತಿಲ್ಲ, ಚರಣವಿಲ್ಲ, ಬರೀ ಎಳೆತ—ಅರೆದದ್ದನ್ನೇ ಅರೆದಂತೆ, ಹಲ್ಲುನೋವಿನವರು ನರಳಿದಂತೆ.

ಒಂದು ದಿನ ಬಂದು ಬಾಗಿಲು ಬಡಿದೆ.

"ಅಮ್ಮಾ, ಒಸಿ ನಿಲ್ಸಿ. ಕಣ್ಣು ಮುಚ್ಚಕ್ಕಾಗ್ತಿಲ್ಲ. ತಲೆಬುಡ ಇಲ್ದಿದ್ ಹಾಡು."

"ಕ್ಷಮಿಸಿ ಅಣ್ಣ, ಮೆಲ್ಲಗೆ ಹಾಡ್ತೀನಿ," ಎಂದಿರಿ. "ಇದು ತೋಡಿ ರಾಗ. ಮೊದಮೊದಲು ಭಾರ ಅನ್ಸುತ್ತೆ. ಕೇಳ್ತಾ ಕೇಳ್ತಾ ಒಳಗಿಳಿಯುತ್ತೆ."

ನೀವು ಸಹಜವಾಗಿಯೇ ಅಂದಿರಿ. ನನಗೆ ಮಾತ್ರ—ಈ ಹಳ್ಳಿಯವನಿಗೇನು ತಿಳಿದೀತು ಎಂದ ಹಾಗೆ ಕೇಳಿಸಿತು.

ನೀವು ಮೆಲ್ಲಗೇ ಹಾಡಿದಿರಿ. ಆದರೆ ಅಡಗಿದ ದನಿ ಇನ್ನೂ ಹೆಚ್ಚು ಕಿವಿ ಎಳೆಯಿತು. ಒಂದು ಸಂಜೆ ಮಾಲೀಕರಾದ ಚಿಕ್ಕಣ್ಣ ಬಾಡಿಗೆಗೆಂದು ಬಂದಾಗ ಅಂದುಬಿಟ್ಟೆ:

"ಅಣ್ಣ, ಆ ಮೃದಂಗದೋನು ಪಕ್ಕದ್ ಮನೆ ಯಜಮಾನ್ರು ಡ್ಯೂಟಿಗೆ ಹೋದ್ಮೇಲೇ ಬತ್ತಾನೆ. ಬಾಗ್ಲೂ ಹಾಕ್ಕತಾರೆ."

"ಏನ್ಲಾ ಹಂಗಂತೀಯ? ಕಣ್ಣಾರೆ ಕಂಡ್ಯಾ?"

"ಹೂಂ ಕಣಣ್ಣ. ಕಂಡೆ."

ನಿಮ್ಮ ಬಾಗಿಲು ಎಂದೂ ಹಾಕಿರುತ್ತಿರಲಿಲ್ಲ. ಓಣಿಯಲ್ಲಿ ಹೋಗುವವರಿಗೆಲ್ಲ ಮೃದಂಗ ಕಾಣುತ್ತಿತ್ತು.

ಆ ಮಾತು ಮಾಲೀಕರಿಂದ ನಿಮ್ಮ ಯಜಮಾನರ ಕಿವಿಗೆ ಬಿತ್ತು. ಕೆಲವೇ ದಿನಗಳಲ್ಲಿ ನೀವು ಮನೆ ಖಾಲಿ ಮಾಡಿದಿರಿ. ನಿಮ್ಮ ಯಜಮಾನರು ಕೂಗಾಡಲಿಲ್ಲ. ನಿಮ್ಮ ಮುಖ ನೋಡದೆ ಟೆಂಪೋಗೆ ಸಾಮಾನು ತುಂಬಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ—ಹೇಳಲಿಲ್ಲ.

ಆಮೇಲೆ ಕನಕಪುರದಲ್ಲಿ ತೋಡಿ ರಾಗದ ಒಂದು ಕ್ಯಾಸೆಟ್ ಕೊಂಡೆ. ಪಶ್ಚಾತ್ತಾಪದಿಂದಲ್ಲ. ಇದು ಯಾರಿಂದಲೂ ಕೇಳಲಾಗದ ಸಂಗೀತ ಎಂದು ನನಗೆ ನಾನೇ ರುಜುವಾತು ಮಾಡಿಕೊಳ್ಳಬೇಕಿತ್ತು. ಮೊದಲು ಅರ್ಧಕ್ಕೇ ನಿಲ್ಲಿಸಿದೆ. ಮತ್ತೆ ಹಾಕಿದೆ, ನಿದ್ದೆ ಹೋದೆ. ಬೈದುಕೊಂಡೇ ಮತ್ತೆ ಹಾಕಿದೆ. ತಿಂಗಳುಗಟ್ಟಲೆ ಹೀಗೇ. ಒಂದು ಮಧ್ಯಾಹ್ನ ಯೂನಿಫಾರ್ಮ್ ಒಗೆಯುತ್ತಿದ್ದವನ ಕೈ ತಾನಾಗಿ ನಿಂತಿತು. ಹಾಡುವವರು ಒಂದು ಸ್ವರದ ಹತ್ತಿರ ಬಂದು, ಮುಟ್ಟದೆ ಹಿಂದಕ್ಕೆ ಸರಿದರು; ಇನ್ನೊಂದು ದಾರಿಯಿಂದ ಬಂದರು; ಅದನ್ನು ನಡುಗಿಸಿ ಬಿಟ್ಟರು. ನೀವು ಗೋಡೆಯಾಚೆ ಹುಡುಕುತ್ತಿದ್ದುದು ಇದನ್ನೇ. ಅರೆದದ್ದನ್ನೇ ಅರೆಯುತ್ತೀರಿ ಎಂದುಕೊಂಡಿದ್ದೆನಲ್ಲ—ಒಂದು ಸಲವೂ ಅದು ಅದೇ ಆಗಿರಲಿಲ್ಲ. ಬಕೆಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಅತ್ತೆ. ಆ ಸಂಗೀತ ಅಷ್ಟು ಚೆನ್ನಾಗಿತ್ತು, ನಾನು ಮಾಡಿದ್ದು ಅಷ್ಟು ಕೆಟ್ಟದಾಗಿತ್ತು.

ಆದರೂ ನಿಮ್ಮನ್ನು ಹುಡುಕಲಿಲ್ಲ. ವರ್ಷಗಳಾದ ಮೇಲೆ, ಮೊನ್ನೆ ಕನಕಪುರದ ಬಸ್ ನಿಲ್ದಾಣದಲ್ಲಿ ನೀವೇ ಗುರುತು ಹಿಡಿದಿರಿ. ಸಂತೆಮಾಳದ ಹಿಂದೆ ಮನೆ ಎಂದಿರಿ.

"ಇನ್ನೂ ಹಾಡ್ತೀರಾಮ್ಮ?" ಎಂದೆ.

"ಇಲ್ಲ ಅಣ್ಣ. ಶ್ರುತಿ ಕೇಳಿದ್ರೆ ಅವರು ಎದ್ದು ಹೊರಗೆ ಹೋಗ್ತಾರೆ. ಯಾರು ಏನು ಹೇಳಿದ್ರೋ... ಇವತ್ತಿಗೂ ನಂಬ್ತಾರೆ." ಆಮೇಲೆ ಸ್ವಲ್ಪ ನಕ್ಕು, "ನಿಮ್ಮ ನಿದ್ದೆ ಎಷ್ಟು ಕೆಡಿಸಿದೆನೋ, ಪಾಪ!"

ನನ್ನ ಬಸ್ಸು ಬಂತು. ಹತ್ತಿಬಿಟ್ಟೆ.

ದಣಿದಿದ್ದೆ, ನಿದ್ದೆಯಿರಲಿಲ್ಲ—ಅದನ್ನು ನೆಪವಾಗಿ ಹೇಳಲಾರೆ. ಅಷ್ಟೇ ದಣಿದವರು ಆ ವಠಾರದ ತುಂಬ ಇದ್ದರು. ಅವರು ಯಾರ ಹೆಸರನ್ನೂ ಕೆಡಿಸಲಿಲ್ಲ. ಈಗಲೂ ದಣಿವಿದೆ, ಬೇರೆ ಥರದ್ದು, ಮಲಗಿದರೆ ಹೋಗುವುದಿಲ್ಲ.

ಭಾನುವಾರ ನಿಮ್ಮ ಮನೆಗೆ ಬರುತ್ತೇನೆ, ನಿಮ್ಮ ಯಜಮಾನರು ಇರುವ ಹೊತ್ತಿಗೇ. ಅವರೆದುರು ನಿಂತು, ನಾನು ಏನನ್ನೂ ಕಂಡಿರಲಿಲ್ಲ ಎಂದು ಹೇಳುತ್ತೇನೆ. ಅವರು ಹೊಡೆದರೆ ಹೊಡೆಯಲಿ. ನೀವು ಮತ್ತೆ ಹಾಡಿ ಎಂದು ಬೇಡಲು ನನಗೆ ಬಾಯಿಲ್ಲ. ಹೇಳಿ ಹೊರಟು ಬರುತ್ತೇನೆ.