ಮಂಜಣ್ಣನ ಗುರುತು ಹಾಕಿದ ಮೆಟ್ಟಿಲು

ಆ ಮೆಟ್ಟಿಲನ್ನು ಇಟ್ಟವಳು ನಾನು. ಅದರ ಮೇಲೆ ಮಂಜಣ್ಣನ ಗುರುತು ಹಾಕಿದವಳೂ ನಾನೇ. ಮಂಜುನಾಥ ಬೇಜವಾಬ್ದಾರಿ ಮನುಷ್ಯ, ಅವನಿಂದಾಗಿ ಒಬ್ಬ ಹುಡುಗನ ಮಂಡಿ ಹೋಯಿತು ಎಂದು ಮೆಲ್ಬರ್ನಿನ ನಮ್ಮ ಜನ ನೀವೆಲ್ಲ ಇಷ್ಟು ವರ್ಷ ಹಬ್ಬದೂಟದ ತಟ್ಟೆ ಹಿಡಿದುಕೊಂಡು ಮಾತಾಡಿದಿರಲ್ಲ— ಆ ಕಥೆ ನಿಮಗೆ ಸಿಕ್ಕಿದ್ದು ನನ್ನ ಬಾಯಿಂದ. ಅದು ಹಸಿ ಸುಳ್ಳು.

ಇದನ್ನು ಬರೆಯುವಾಗ ನನಗೆ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಮೊದಲು ನನ್ನ ಮೇಲೆ. ಆಮೇಲೆ ನಿಮ್ಮ ಮೇಲೂ— ಅದನ್ನೂ ಮುಚ್ಚಿಡುವುದಿಲ್ಲ.

ತೊಂಬತ್ತೊಂದರ ಕೊನೆಯಲ್ಲಿ ನನಗೆ ಇಪ್ಪತ್ತು ವರ್ಷ. ಮೆಲ್ಬರ್ನಿನ ಕ್ಲೇಟನ್ನಿನ ಯೂನಿವರ್ಸಿಟಿಯಲ್ಲಿ ಎರಡನೆಯ ವರ್ಷ ಡುಮ್ಕಿ ಹೊಡೆದಿದ್ದೆ. ಡಾಕ್ಟರ್ ಅಪ್ಪನ ಮುಖ ನೋಡಲಾಗದೆ, ನೋಟಿಸ್ ಬೋರ್ಡಿನಲ್ಲಿ ಕಂಡ ಒಂದು ಚೀಟಿ ಹಿಡಿದು ಸಿಡ್ನಿಗೆ ಬಸ್ ಹತ್ತಿದೆ. ಸಿಡ್ನಿಯಿಂದ ರೈಲಿನಲ್ಲಿ ಎರಡು ಗಂಟೆ ಹೋದರೆ ಬ್ಲೂ ಮೌಂಟನ್ಸ್. ಅಲ್ಲಿನ ಕಾಡಿನೊಳಗೆ ಕಾಲುದಾರಿ ಕಟ್ಟುವ ತಂಡದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಇಲ್ಲಿನ ಒಂದು ಬೇಸಿಗೆಯ ಕೆಲಸ. ಹತ್ತು ದಿನ ಟೆಂಟಿನಲ್ಲಿದ್ದು ದುಡಿಯುವುದು, ನಾಲ್ಕು ದಿನ ರಜೆ.

ತಂಡದಲ್ಲಿ ಇನ್ನೊಬ್ಬ ಕನ್ನಡಿಗರಿದ್ದರು. ದಾವಣಗೆರೆಯ ಮಂಜುನಾಥ, ಸಿವಿಲ್ ಎಂಜಿನಿಯರ್, ಮೂವತ್ತಾರು ವರ್ಷ. ಊರಲ್ಲಿ ಸೇತುವೆ ಕಟ್ಟಿಸಿದ್ದವರು. ಇಲ್ಲಿ ನೆಲೆಸಲು ಪಿಆರ್ ಸಿಕ್ಕಿ ಬಂದು ಒಂದೂವರೆ ವರ್ಷವಾಗಿದ್ದರೂ ಹೋದಲ್ಲೆಲ್ಲ ಅವರಿಗೆ ಒಂದೇ ಪ್ರಶ್ನೆ: ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಾ? ಹೆಂಡತಿ ಗಿರಿಜಕ್ಕ ಮೆಲ್ಬರ್ನಿನ ಹೊರವಲಯದ ಡ್ಯಾಂಡಿನಾಂಗಿನ ಫ್ಯಾಕ್ಟರಿಯೊಂದರಲ್ಲಿ ಬಿಸ್ಕತ್ತು ಪ್ಯಾಕ್ ಮಾಡುತ್ತಿದ್ದರು. ಬೇಸಿಗೆ ಮುಗಿಯುವಾಗ ತಂಡದ ಲೀಡರ್ ಗ್ಲೆನ್ ಒಂದು ಶಿಫಾರಸು ಪತ್ರ ಕೊಟ್ಟರೆ ಮೆಲ್ಬರ್ನಿನ ಒಂದು ನಗರ ಕೌನ್ಸಿಲ್‌ನ ರಸ್ತೆ ವಿಭಾಗದವರು ಅವರನ್ನು ಇಂಟರ್‌ವ್ಯೂಗೆ ಕರೆಯುತ್ತೇವೆ ಎಂದಿದ್ದರು. ಆ ಒಂದು ಹಾಳೆಗಾಗಿ ಮಂಜಣ್ಣ ಗುದ್ದಲಿ ಹಿಡಿದಿದ್ದರು.

ಮೊದಲ ದಿನ ಅಂಕಲ್ ಅಂದದ್ದಕ್ಕೆ ಗದರಿದರು. ಅಣ್ಣ ಅನ್ನಬೇಕಂತೆ. ಗ್ಲೆನ್ ನಮ್ಮಿಬ್ಬರನ್ನು ಜೋಡಿ ಹಾಕಿದ— ಇಬ್ಬರೂ ಇಂಡಿಯನ್ನರು, ಅಷ್ಟೇ ಕಾರಣ. ನನಗೆ ಮೈಯೆಲ್ಲ ಉರಿಯಿತು. ಏಳು ವರ್ಷದವಳಿದ್ದಾಗಿನಿಂದ ಇಲ್ಲೇ ಬೆಳೆದು, ಇವರ ಹಾಗೇ ಮಾತಾಡಲು ಕಲಿತು, ಕೊನೆಗೆ ಇಂಗ್ಲಿಷನ್ನು ಪಠ್ಯಪುಸ್ತಕ ಓದಿದ ಹಾಗೆ ಮಾತಾಡುವ ಮನುಷ್ಯನ ಪಕ್ಕ ನಿಲ್ಲಿಸಿದರಲ್ಲ ಅಂತ. ಆ ಸಿಟ್ಟನ್ನು ಗ್ಲೆನ್ ಮೇಲೆ ತೋರಿಸುವ ಧೈರ್ಯ ಇರಲಿಲ್ಲ. ಮಂಜಣ್ಣನ ಜೊತೆ ಬೇಕೆಂದೇ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ.

ಕೆಲಸ ಕಲಿಸಿದ್ದು ಮಾತ್ರ ಅವರೇ. ಕಡಿದಾದ ಕಡೆ ಮರಳುಗಲ್ಲಿನ ಮೆಟ್ಟಿಲು ಕೂರಿಸಬೇಕು. ಗುಂಡಿ ತೋಡಿ, ಕಲ್ಲು ಇಳಿಸಿ, ಅದರ ಅಡಿಗೂ ಹಿಂದಕ್ಕೂ ಜಲ್ಲಿ ಬಡಿದು ತುಂಬಬೇಕು. ಮಣ್ಣು ಹಾಕಿದರೆ ಒಂದೇ ಮಳೆಗೆ ಕಲ್ಲು ಸಡಿಲ. ತಂಡದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು— ಕಲ್ಲು ಇಟ್ಟವರು ಅದನ್ನು ತಾವೇ ಪರೀಕ್ಷೆ ಮಾಡುವಂತಿಲ್ಲ. ಜೋಡಿಯವರು ಹತ್ತಿ ನಾಲ್ಕೂ ಮೂಲೆಗೆ ಭಾರ ಬಿಟ್ಟು ನೋಡಿ, ಅಲುಗದಿದ್ದರೆ ಮಳೆಗೂ ಅಳಿಯದ ಹಳದಿ ಮೇಣದ ಬಳಪದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯಬೇಕು. ಮಂಜಣ್ಣ ಬೂಟುಗಾಲಿನಲ್ಲಿ ಹತ್ತುವ ಮುಂಚೆ ಬಗ್ಗಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಉಳಿದವರು ನಗುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ.

ಫೆಬ್ರವರಿಯಲ್ಲಿ ಹತ್ತು ದಿನದ ಒಂದು ಸರದಿಯ ಕೊನೆಯ ದಿನ. ಹಿಂದಿನ ವಾರವಷ್ಟೇ ಗ್ಲೆನ್ ಎಲ್ಲರೆದುರು ನನ್ನನ್ನು ಹೊಗಳಿ, ಮುಂದಿನ ಬೇಸಿಗೆಗೆ ಅಸಿಸ್ಟೆಂಟ್ ಲೀಡರ್ ಮಾಡುತ್ತೇನೆ ಎಂದಿದ್ದ. ನಾಲ್ಕು ಗಂಟೆಗೆ ಅವನು ಕೆಲಸ ನೋಡಲು ಬರುವವನಿದ್ದ. ನನ್ನದೊಂದು ಮೆಟ್ಟಿಲು ಬಾಕಿ. ಜಲ್ಲಿ ಮುಗಿದಿತ್ತು, ತರಲು ಮಂಜಣ್ಣ ಬಕೆಟ್ ಹಿಡಿದು ಮೇಲಕ್ಕೆ ಹೋಗಿದ್ದರು. ಕಾಯಬಹುದಿತ್ತು. ಇನ್ನೂ ಆಗಿಲ್ಲ ಎಂದು ಹೇಳಬಹುದಿತ್ತು, ಯಾರೂ ನನ್ನ ತಲೆ ತೆಗೆಯುತ್ತಿರಲಿಲ್ಲ. ಆದರೆ ಹೊಗಳಿಸಿಕೊಂಡವಳಿಗೆ ಅಷ್ಟು ಹೇಳುವುದೂ ಅವಮಾನ. ಕೈಗೆ ಸಿಕ್ಕ ಮಣ್ಣು, ಎಲೆ ಒತ್ತಿ ತುಂಬಿ, ಕಲ್ಲು ಕೂರಿಸಿ, ಅದರ ಬದಿಗೆ ಹಳದಿ ಬಳಪದಲ್ಲಿ 'ಎಂ' ಎಂದು ಬರೆದೆ.

ಗ್ಲೆನ್ ಅಕ್ಷರ ನೋಡಿ ತಲೆಯಾಡಿಸಿ ಮುಂದಕ್ಕೆ ಹೋದ. ಮಂಜಣ್ಣ ಬಂದು ಬಕೆಟ್ ಇಳಿಸಿ, ಇದನ್ನು ನೋಡಬೇಕಲ್ಲ ಎಂದರು. ಅಕ್ಷರ ಕಾಣದ ಹಾಗೆ ಅಡ್ಡ ನಿಂತು, ಲೀಡರೇ ನೋಡಿಯಾಯಿತು ಎಂದೆ. ದೊಡ್ಡವರು ನೋಡಿದ್ದನ್ನು ತಾನು ಮತ್ತೆ ಹತ್ತಿ ನೋಡುವುದು ಸರಿಯಲ್ಲ ಅನ್ನುವುದು ಅವರ ರೀತಿ. ನಮ್ಮವರು ಹಾಗೇ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ರಜೆಯ ನಾಲ್ಕು ದಿನವೂ ಮಳೆ. ಮರಳಿ ಬಂದ ಮೊದಲ ಬೆಳಿಗ್ಗೆ ನಮ್ಮ ತಂಡದ ಡೇವ್ ಸಿಮೆಂಟ್ ಚೀಲ ಹೊತ್ತು ಇಳಿಯುತ್ತಿದ್ದ. ನಾನು ಕೂರಿಸಿದ ಆ ಕಲ್ಲು ಮಗುಚಿತು. ಅವನ ಮಂಡಿ ಕಲ್ಲಿಗೂ ಚೀಲಕ್ಕೂ ನಡುವೆ ಸಿಕ್ಕಿಕೊಂಡಿತು. ಆ ಹುಡುಗ ಕೂಗಿದ ರೀತಿಯನ್ನು ಇಲ್ಲಿ ಬರೆಯಲಾರೆ.

ಅವನನ್ನು ಸ್ಟ್ರೆಚರಿನಲ್ಲಿ ಸಾಗಿಸಿದ ಮೇಲೆ ಗ್ಲೆನ್ ಆ ಕಲ್ಲೆತ್ತಿ ಅಡಿಯ ಮಣ್ಣು ನೋಡಿದ. ಬದಿಯ ಅಕ್ಷರ ನೋಡಿದ. ಮಂಜಣ್ಣ ತಾನು ಬರೆದದ್ದಲ್ಲ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು, ಗಾಬರಿಗೆ ಮಾತು ತಡವರಿಸಿತು. ನನ್ನ ಕಡೆ ತಿರುಗಿದರು.

"ಹೇಳಮ್ಮ. ಲೀಡರ್ ನೋಡಿದಾರೆ ಅಂತ ಅವತ್ತು ನನಗಂದ್ಯಲ್ಲ, ಅದನ್ನ ಇವ್ರಿಗೆ ಹೇಳು."

ಏನಂತೆ ಎಂದು ಗ್ಲೆನ್ ನನ್ನನ್ನು ಕೇಳಿದ. ನಾನು ಸ್ಪಷ್ಟವಾಗಿ, ಅವನದೇ ಧಾಟಿಯ ಇಂಗ್ಲಿಷಿನಲ್ಲಿ ಹೇಳಿದೆ— ಸಾರಿ ಕೇಳುತ್ತಿದ್ದಾರೆ, ಅವಸರದಲ್ಲಿ ಸರಿಯಾಗಿ ನೋಡಲಿಲ್ಲವಂತೆ.

ನಾನು ಹೇಳಿದ್ದು ಮಂಜಣ್ಣನಿಗೆ ಚೆನ್ನಾಗಿ ಅರ್ಥವಾಯಿತು. ಇಲ್ಲ, ಇಲ್ಲ ಎಂದರು. ಗ್ಲೆನ್ ಕೈ ಎತ್ತಿ ತಡೆದು, ನಿಮ್ಮವಳೇ ಹೇಳುತ್ತಿದ್ದಾಳಲ್ಲ ಎಂದ. ಮಂಜಣ್ಣ ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಬೂಟಿನ ಲೇಸ್ ಕಟ್ಟಲು ಬಗ್ಗಿದೆ. ಅದು ಬಿಚ್ಚಿರಲಿಲ್ಲ.

ಮಧ್ಯಾಹ್ನದ ರೈಲಿಗೆ ಅವರನ್ನು ಕಳಿಸಿದರು. ಪತ್ರ ಸಿಗಲಿಲ್ಲ, ಕೌನ್ಸಿಲ್ ಕರೆಯಲಿಲ್ಲ. ನನಗೆ ಮಾತ್ರ ಗ್ಲೆನ್ ಬರೆದುಕೊಟ್ಟ, ನಂಬಿಕಸ್ಥಳು ಅಂತ.

ಅಲ್ಲಿಗೂ ನಿಲ್ಲಿಸಲಿಲ್ಲ ನಾನು. ಮೆಲ್ಬರ್ನಿಗೆ ಬಂದು, ಕಾಡಿನಲ್ಲಿ ಏನು ಮಾಡಿದೆ ಎಂದು ಆಂಟಿಯರು ಕೇಳಿದಾಗ ಅದೇ ಕಥೆ ಹೇಳಿದೆ. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಈಗೀಗ ಬರುವವರೆಲ್ಲ ಹಾಗೇ ಎಂದಿರಿ. ಮೈಸೂರಿನ ಡಾಕ್ಟರ ಮಗಳು ಹೇಳಿದ್ದು ಸತ್ಯ, ಡ್ಯಾಂಡಿನಾಂಗಿನ ಬಾಡಿಗೆ ಮನೆಯವನು ಹೇಳಿದ್ದು ನೆಪ— ಎಷ್ಟು ಸಲೀಸಾಗಿ ನಂಬಿದಿರಿ ನೀವು. ನಿಮ್ಮ ನಂಬಿಕೆಯಲ್ಲಿ ನಾನು ಹಾಯಾಗಿದ್ದೆ. ಓದು ಮುಗಿಸಿದೆ, ಫಾರ್ಮಸಿಸ್ಟ್ ಆದೆ.

ಐದು ವರ್ಷದ ನಂತರ ಯುಗಾದಿ ಕಾರ್ಯಕ್ರಮದಲ್ಲಿ ಅವರು ಎದುರಾದರು. ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರಂತೆ. ಜೊತೆಗೆ ಮಗಳು, ಹತ್ತು ಹನ್ನೊಂದರವಳು. ನಾನು ನಮಸ್ಕಾರ ಅಂದೆ, ನಾಚಿಕೆಯಿಲ್ಲದೆ. ಅವರು ಮಗಳಿಗೆ ಹೇಳಿದರು:

"ಇವ್ರ ಹತ್ರ ಇಂಗ್ಲಿಷ್ ಕಲೀಬೇಕು ನೋಡು. ನಾವು ಹೇಳದೇ ಇದ್ದಿದ್ದನ್ನೂ ಹೇಳ್ತಾರೆ."

ಮಗು ನನ್ನ ನೋಡಿ ಮರ್ಯಾದೆಯಿಂದ ನಕ್ಕಿತು. ನಾನು ಅವತ್ತೇ ಬಾಯಿ ಬಿಡಬೇಕಿತ್ತು, ಇಡೀ ಹಾಲ್ ತುಂಬ ಜನರಿದ್ದಿರಿ. ಹೋಳಿಗೆ ಮುಗಿದುಹೋಗುತ್ತದೆ ಎಂದು ಯಾರೋ ಕರೆದರು, ಹೋದೆ.

ಮತ್ತೆ ಎರಡು ವರ್ಷ ದೂಡಿದೆ. ಈ ವರ್ಷ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಗ್ಲೆನ್‌ಗೆ ಕಳಿಸಿದೆ. ಡೇವ್‌ಗೂ ಬರೆದೆ, ಆ ವಿಳಾಸದಲ್ಲಿ ಇಲ್ಲ ಎಂದು ಕಾಗದ ವಾಪಸು ಬಂತು. ಒಂದು ಪ್ರತಿ ಹಿಡಿದು ಶನಿವಾರ ಬೆಳಿಗ್ಗೆ ಡ್ಯಾಂಡಿನಾಂಗಿಗೆ ಹೋದೆ. ಬಾಗಿಲು ತೆಗೆದ ಗಿರಿಜಕ್ಕ ಒಳಗೆ ಬಾ ಅನ್ನಲಿಲ್ಲ. ಮಂಜಣ್ಣ ಬಂದು ಹೊಸ್ತಿಲಲ್ಲೇ ನಿಂತು ಓದಿದರು. ಎರಡು ಸಲ ಓದಿದರು. ಮಡಿಸಿ ನನ್ನ ಕೈಗೇ ಕೊಟ್ಟರು.

"ಅವತ್ತು ಕೊಟ್ಟಿದ್ರೆ ಕೌನ್ಸಿಲ್‌ನವ್ರಿಗೆ ತೋರಿಸ್ತಿದ್ದೆ. ಈಗ ಇದನ್ನ ಯಾರಿಗೆ ತೋರಿಸ್ಲಿ?"

ಅವರು ನನ್ನ ಉತ್ತರಕ್ಕೆ ಕಾದರು, ನಿಜವಾಗಿಯೂ ಕೇಳಿದವರ ಹಾಗೆ. ಆಮೇಲೆ ಬಾಗಿಲು ಹಾಕಿಕೊಂಡರು.

ಅದಕ್ಕೇ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಬರೆದು ನಿಮಗೆ ತೋರಿಸುತ್ತಿದ್ದೇನೆ. ಇದರಿಂದ ಅವರಿಗೆ ಎಂಜಿನಿಯರ್ ಕೆಲಸ ಸಿಗುವುದಿಲ್ಲ, ಗೊತ್ತು. ಕ್ಷಮೆ ಕೇಳಲು ಮತ್ತೆ ಅವರ ಮನೆಗೆ ಹೋಗುವುದಿಲ್ಲ. ಅದರಿಂದ ಹಗುರಾಗುವವಳು ನಾನೊಬ್ಬಳೇ.